ವಿತರಣಾ ಪರಿವರ್ತಕದ ಸುತ್ತುಗಳ ಅನುಪಾತವನ್ನು ಅಳೆಯುವ ಕ್ರಮ

ರಿವೈಂಡಿಂಗ್ (ಸುರುಳಿಗಳನ್ನು ಮತ್ತೆ ಸುತ್ತುವ ಕೆಲಸ) ಮುಗಿಸಿ ಬಂದ ಟಿಸಿಗೆ, ಅಂದರೆ ವಿತರಣಾ ಪರಿವರ್ತಕಕ್ಕೆ, 11 ಕೆವಿ ಮಾರ್ಗವನ್ನು ಜೋಡಿಸುವ ಮುನ್ನ ಅದರ ಸುತ್ತುಗಳ ಅನುಪಾತವನ್ನು, ಅಂದರೆ ಹೆಚ್ಚು ವೋಲ್ಟೇಜಿನ ಸುರುಳಿಯ ಸುತ್ತುಗಳು ಕಡಿಮೆ ವೋಲ್ಟೇಜಿನ ಸುರುಳಿಯ ಸುತ್ತುಗಳ ಎಷ್ಟು ಪಟ್ಟು ಎಂಬುದನ್ನು, ಅಳೆಯಲೇಬೇಕು. ಮೆಗ್ಗರ್ (ಇನ್ಸುಲೇಶನ್ ರೋಧವನ್ನು ಅಳೆಯುವ ಉಪಕರಣ) ಪರೀಕ್ಷೆಯೊಂದೇ ಸಾಲದು. ಎಚ್‌ವಿ (ಹೆಚ್ಚು ವೋಲ್ಟೇಜಿನ ಸುರುಳಿ), ಎಲ್‌ವಿ (ಕಡಿಮೆ ವೋಲ್ಟೇಜಿನ ಸುರುಳಿ) ಮತ್ತು ಟ್ಯಾಂಕಿನ ನಡುವೆ ಇನ್ಸುಲೇಶನ್ ಹೇಗಿದೆ ಎಂಬುದನ್ನು ಮೆಗ್ಗರ್ ತೋರಿಸುತ್ತದೆಯೇ ಹೊರತು, ಒಂದೇ ಸುರುಳಿಯ ಎರಡು ಸುತ್ತುಗಳು ಒಂದಕ್ಕೊಂದು ತಗುಲಿದ್ದರೆ ಅಥವಾ ಸುತ್ತುವವರು ಎಣಿಕೆ ತಪ್ಪಿದ್ದರೆ ಅದು ಮೆಗ್ಗರ್‌ಗೆ ತಿಳಿಯುವುದಿಲ್ಲ.

ಮೊದಲು ಹೆಸರುಫಲಕವನ್ನು ಓದಿ ಲೆಕ್ಕ ಮಾಡಿಟ್ಟುಕೊಳ್ಳಬೇಕು. ನಮ್ಮಲ್ಲಿ ಸಾಮಾನ್ಯವಾದ 11,000/433 ವೋಲ್ಟ್, ಡಿವೈಎನ್‌11 (ಎಚ್‌ವಿ ಡೆಲ್ಟಾ, ಎಲ್‌ವಿ ನ್ಯೂಟ್ರಲ್ ಸಹಿತ ಸ್ಟಾರ್ ಜೋಡಣೆ) ಪರಿವರ್ತಕವನ್ನೇ ತೆಗೆದುಕೊಳ್ಳೋಣ. 11,000ವನ್ನು 433ರಿಂದ ಭಾಗಿಸಿದರೆ 25.4 ಬರುತ್ತದೆ, ಅದು ಲೈನ್ ವೋಲ್ಟೇಜುಗಳ ಅನುಪಾತ, ಸುತ್ತುಗಳದ್ದಲ್ಲ. ಎಚ್‌ವಿ ಡೆಲ್ಟಾ (ಪ್ರತಿ ಸುರುಳಿ ಎರಡು ಲೈನ್‌ಗಳ ನಡುವೆ) ಆಗಿರುವುದರಿಂದ ಪ್ರತಿ ಸುರುಳಿಯ ಮೇಲೂ ಪೂರ್ತಿ 11,000 ವೋಲ್ಟ್ ಇರುತ್ತದೆ. ಎಲ್‌ವಿ ಸ್ಟಾರ್ (ಪ್ರತಿ ಸುರುಳಿ ಲೈನ್ ಮತ್ತು ನ್ಯೂಟ್ರಲ್ ನಡುವೆ) ಆಗಿರುವುದರಿಂದ ಪ್ರತಿ ಸುರುಳಿಯ ಪಾಲಿಗೆ 433ನ್ನು 1.732ರಿಂದ ಭಾಗಿಸಿದಾಗ ಸಿಗುವ 250 ವೋಲ್ಟ್ ಮಾತ್ರ. ಆದ್ದರಿಂದ ಸುತ್ತುಗಳ ಅನುಪಾತ 44. ಫಲಕದಲ್ಲಿ ಶೇ 2.5ರ ಹೆಜ್ಜೆಯ ಐದು ಟ್ಯಾಪ್‌ಗಳಿದ್ದು (ಎಚ್‌ವಿ ಸುತ್ತುಗಳ ಸಂಖ್ಯೆಯನ್ನು ಬದಲಿಸುವ ಸ್ಥಾನಗಳು) ನಡುವಿನದು 11,000 ವೋಲ್ಟಿನದಾಗಿದ್ದರೆ, 11,550 ವೋಲ್ಟಿನ ಟ್ಯಾಪ್‌ನಿಂದ ಆರಂಭಿಸಿ ಕ್ರಮವಾಗಿ 46.2, 45.1, 44.0, 42.9, 41.8 ಬರಬೇಕು.

ಟಿಸಿ ಕಂಬದ ಮೇಲೆಯೇ ಇದ್ದರೆ ಲೈನ್ ಕ್ಲಿಯರ್ (ಮಾರ್ಗದಲ್ಲಿ ಕೆಲಸ ಮಾಡಲು ಅನುಮತಿ) ಪಡೆದು, ಜಿಒಎಸ್ (ಮೂರೂ ಫೇಸ್‌ಗಳನ್ನು ಒಟ್ಟಿಗೆ ಕಡಿಯುವ ಕಂಬದ ಸ್ವಿಚ್ಚು) ತೆರೆದು, ವಿದ್ಯುತ್ ಇಲ್ಲವೆಂದು ಪರೀಕ್ಷಿಸಿ, ಡಿಸ್ಚಾರ್ಜ್ ರಾಡ್‌ನಿಂದ ಅರ್ಥ್ ಮಾಡಿದ ಮೇಲೆಯೇ ಕೈ ಹಚ್ಚಬೇಕು. ಎಲ್‌ಟಿ (ಎಲ್‌ವಿ ಕಡೆಯ) ಕೇಬಲ್‌ಗಳನ್ನೂ ಕಳಚಲೇಬೇಕು, ಏಕೆಂದರೆ ಯಾರದೋ ಮನೆಯ ಜನರೇಟರ್‌ನಿಂದ ಹಿಮ್ಮುಖವಾಗಿ ಬಂದ ವಿದ್ಯುತ್ತು ಇದೇ ಟಿಸಿಯಲ್ಲಿ ಏರಿ ಎಚ್‌ವಿ ಬುಷಿಂಗ್‌ಗಳಲ್ಲಿ (ತಂತಿ ಹೊರಬರುವ ಇನ್ಸುಲೇಟೆಡ್ ತುದಿಗಳು) ಸಾವಿರಾರು ವೋಲ್ಟ್ ಆಗುತ್ತದೆ. ಇದೇ ಕಾರಣಕ್ಕೆ ಪರೀಕ್ಷಾ ವೋಲ್ಟೇಜನ್ನು ಯಾವಾಗಲೂ ಎಚ್‌ವಿ ಕಡೆಗೇ ಕೊಡಬೇಕು. ಎಲ್‌ವಿಯ ಒಂದು ಫೇಸ್‌ಗೆ 230 ವೋಲ್ಟ್ ಕೊಟ್ಟರೆ ಆಚೆ ಕಡೆ 10,120 ವೋಲ್ಟ್ ಹುಟ್ಟುತ್ತದೆ. ಈ ಒಂದು ತಪ್ಪಿಗೆ ಎರಡನೆಯ ಅವಕಾಶವಿಲ್ಲ.

ಎಚ್‌ವಿಯ ಮೂರು ಬುಷಿಂಗ್‌ಗಳಿಗೆ ಫ್ಯೂಸ್ ಮೂಲಕ 415 ವೋಲ್ಟಿನ ತ್ರೀ ಫೇಸ್ ಕೊಟ್ಟು, 1ಯು–1ವಿ ನಡುವೆ ಒಂದು ವೋಲ್ಟ್‌ಮೀಟರನ್ನೂ 2ಯು–2ಎನ್ ನಡುವೆ ಇನ್ನೊಂದನ್ನೂ ಜೋಡಿಸಬೇಕು (1 ಎಂದರೆ ಎಚ್‌ವಿ, 2 ಎಂದರೆ ಎಲ್‌ವಿ ತುದಿ; ಯು, ವಿ, ಡಬ್ಲ್ಯು ಮೂರು ಫೇಸ್‌ಗಳು, ಎನ್ ನ್ಯೂಟ್ರಲ್). ಡಿವೈಎನ್‌11 ಜೋಡಣೆಯಲ್ಲಿ ಇವೆರಡೂ ಕೋರ್‌ನ (ಒಳಗಿನ ಕಬ್ಬಿಣದ ಚೌಕಟ್ಟಿನ) ಒಂದೇ ಕಾಲಿನ ಮೇಲಿನ ಸುರುಳಿಗಳು. ಹಾಗೆಯೇ 1ವಿ–1ಡಬ್ಲ್ಯುಗೆ 2ವಿ–2ಎನ್, 1ಡಬ್ಲ್ಯು–1ಯುಗೆ 2ಡಬ್ಲ್ಯು–2ಎನ್ ಜೊತೆಯಾಗುತ್ತವೆ. ಸರಬರಾಜು ಕ್ಷಣಕ್ಷಣಕ್ಕೂ ಏರಿಳಿಯುವುದರಿಂದ ಎರಡೂ ಮೀಟರ್‌ಗಳನ್ನು ಏಕಕಾಲಕ್ಕೆ ಓದಬೇಕು. ನಡುವಿನ ಟ್ಯಾಪ್‌ನಲ್ಲಿ ಎಚ್‌ವಿ ಮೀಟರ್‌ನಲ್ಲಿ 415 ಇದ್ದಾಗ ಎಲ್‌ವಿ ಮೀಟರ್‌ನಲ್ಲಿ 9.43 ವೋಲ್ಟ್ ಕಾಣಬೇಕು. ಟ್ಯಾಪ್ ಬದಲಿಸುವಾಗ ಪ್ರತಿ ಸಲವೂ ಸರಬರಾಜನ್ನು ಕಡಿದೇ ಹಿಡಿಕೆ ತಿರುಗಿಸಬೇಕು. ಈ ಸ್ವಿಚ್ಚು ವಿದ್ಯುತ್ತಿರುವಾಗ ತಿರುಗಿಸುವಂಥದ್ದಲ್ಲ.

ಈ ವಿಧಾನದ ಮಿತಿಯನ್ನು ಸ್ಪಷ್ಟವಾಗಿ ಅರಿತಿರಬೇಕು. ಮುಖ್ಯ ಟ್ಯಾಪ್‌ನಲ್ಲಿ ಅನುಪಾತವು ಘೋಷಿತ ಮೌಲ್ಯಕ್ಕಿಂತ ಶೇ 0.5ರಷ್ಟು ಅಥವಾ ಶೇಕಡಾ ಇಂಪಿಡೆನ್ಸ್‌ನ (ಪರಿವರ್ತಕದ ಒಳ ತಡೆಯ ಶೇಕಡಾ ಅಳತೆ) ಹತ್ತನೇ ಒಂದರಷ್ಟು, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮಾತ್ರ ಆಚೀಚೆ ಹೋಗಬಹುದು. ಇಂಪಿಡೆನ್ಸ್ ಶೇ 4.5 ಇದ್ದರೆ ಈ ಅವಕಾಶ ಶೇ 0.45, ಅಂದರೆ 43.8ರಿಂದ 44.2ರವರೆಗೆ. 9.43 ವೋಲ್ಟಿನಲ್ಲಿ ಅದು ಬರೀ 0.04 ವೋಲ್ಟ್. ಎಸಿ ಅಳತೆಯಲ್ಲಿ ಶೇ 1ರಷ್ಟು ತಪ್ಪುವ ಮಲ್ಟಿಮೀಟರ್ ಇದನ್ನು ತೀರ್ಮಾನಿಸಲಾರದು. ಆದ್ದರಿಂದ ದೊಡ್ಡ ದೋಷವನ್ನು ಹಿಡಿಯಲು ಮೀಟರ್ ವಿಧಾನ ಸಾಕಾದರೂ, ಪ್ರಮಾಣಪತ್ರಕ್ಕೆ ಸಹಿ ಹಾಕಲು ಟಿಟಿಆರ್ (ಸುತ್ತುಗಳ ಅನುಪಾತವನ್ನು ನೇರವಾಗಿ ಅಳೆಯುವ) ಉಪಕರಣವೇ ಬೇಕು. ಅದು ಎರಡೂ ಕಡೆಯ ವೋಲ್ಟೇಜನ್ನು ತಾನೇ ಹೋಲಿಸಿ ಅನುಪಾತದ ಜೊತೆಗೆ ಎಕ್ಸೈಟೇಶನ್ ಕರೆಂಟನ್ನೂ (ಕೋರ್ ಅನ್ನು ಕಾಂತಗೊಳಿಸಲು ಸುರುಳಿ ಎಳೆಯುವ ಕರೆಂಟು) ತೋರಿಸುತ್ತದೆ.

ಆ ಕರೆಂಟನ್ನು ಬರೆದುಕೊಳ್ಳದೆ ಬಿಡುವವರೇ ಹೆಚ್ಚು, ಆದರೆ ನನ್ನ ಅಭಿಪ್ರಾಯದಲ್ಲಿ ಅನುಪಾತದಷ್ಟೇ ತೂಕ ಅದಕ್ಕೂ ಇದೆ. ಎಲ್‌ವಿ ಸುರುಳಿಯಲ್ಲಿ 60 ಸುತ್ತುಗಳಿವೆ ಎಂದುಕೊಂಡರೆ ಎಚ್‌ವಿಯಲ್ಲಿ 2,640 ಇರುತ್ತವೆ. ಎಲ್‌ವಿಯಲ್ಲಿ ಒಂದು ಸುತ್ತು ಕಡಿಮೆಯಾದರೆ ಅನುಪಾತ ಸುಮಾರು ಶೇ 1.7ರಷ್ಟು ಏರಿ ಕೂಡಲೇ ಕಣ್ಣಿಗೆ ಬೀಳುತ್ತದೆ. ಎಚ್‌ವಿಯಲ್ಲಿ ಒಂದು ಸುತ್ತು ಕಡಿಮೆಯಾದರೆ ವ್ಯತ್ಯಾಸ ಶೇ 0.04 ಮಾತ್ರ, ಅದು ಮಿತಿಯೊಳಗೇ ಅಡಗಿಬಿಡುತ್ತದೆ. ಆದರೆ ಸುತ್ತು ಶಾರ್ಟ್ ಆಗಿದ್ದರೆ ಆ ಫೇಸ್‌ನ ಎಕ್ಸೈಟೇಶನ್ ಕರೆಂಟ್ ಉಳಿದವುಗಳಿಗಿಂತ ಎದ್ದುಕಾಣುವಷ್ಟು ಹೆಚ್ಚುತ್ತದೆ. ನಡುವಿನ ಕಾಲಿನ ಕರೆಂಟ್ ಅಕ್ಕಪಕ್ಕದವುಗಳಿಗಿಂತ ಸ್ವಲ್ಪ ಕಡಿಮೆಯಿರುವುದು ಸಹಜವಾದ್ದರಿಂದ ಅದನ್ನು ದೋಷವೆಂದು ಎಣಿಸಬಾರದು. ಡಿಸಿ ಹಾಯಿಸಿ ಸುರುಳಿಯ ರೋಧವನ್ನು ಅಳೆದ ಮೇಲೆ ಕೋರ್‌ನಲ್ಲಿ ಕಾಂತತ್ವ ಉಳಿದು ಈ ಕರೆಂಟನ್ನು ಕೆಡಿಸುತ್ತದೆ. ಅನುಪಾತ ಪರೀಕ್ಷೆಯನ್ನು ಅದಕ್ಕಿಂತ ಮೊದಲೇ ಮುಗಿಸುವುದು ಒಳ್ಳೆಯದು.

ಕೊನೆಗೆ ಮೂರು ಫೇಸ್‌ಗಳ ಐದೈದು ಟ್ಯಾಪ್‌ಗಳ ಹದಿನೈದೂ ಓದುಗಳನ್ನು ಒಟ್ಟಿಗೆ ನೋಡಬೇಕು. ಒಂದು ಫೇಸ್ ಎಲ್ಲ ಟ್ಯಾಪ್‌ಗಳಲ್ಲೂ ಒಂದೇ ಬಗೆಯಲ್ಲಿ ತಪ್ಪಿದ್ದರೆ ದೋಷ ಸುರುಳಿಯಲ್ಲಿದೆ. ಯಾವುದೋ ಒಂದು ಟ್ಯಾಪ್‌ನಲ್ಲಿ ಮಾತ್ರ ತಪ್ಪಿದ್ದರೆ ಅಥವಾ ಎರಡು ಟ್ಯಾಪ್‌ಗಳ ಓದು ಅದಲುಬದಲಾಗಿದ್ದರೆ ಟ್ಯಾಪ್ ಸ್ವಿಚ್ಚಿನ ಸಂಪರ್ಕವನ್ನೂ ಅದಕ್ಕೆ ಬಂದ ಲೀಡುಗಳನ್ನೂ ಬಿಚ್ಚಿ ನೋಡಬೇಕು. ಮೂರೂ ಫೇಸ್‌ಗಳು ಎಲ್ಲ ಟ್ಯಾಪ್‌ಗಳಲ್ಲೂ 1.1ರಷ್ಟು ಜರುಗಿದ್ದರೆ, ಸುರುಳಿಯನ್ನು ಅನುಮಾನಿಸುವ ಮೊದಲು ಹಿಡಿಕೆಯ ಸೂಚಕ ಒಂದು ಹೆಜ್ಜೆ ತಪ್ಪಿ ಕೂತಿದೆಯೇ ಎಂದು ಪರಿಶೀಲಿಸಬೇಕು.