ಸ್ತ್ರೀವೇಷದ ಸಿನಿಮಾ ನೋಡುವಾಗ ವೇಷ ಕಳಚುವ ದೃಶ್ಯ ಬಿಡಬೇಡಿ

ನಾಲ್ಕು ಜನ ಗೆಳೆಯರು, ಒಂದು ಟಿವಿ, ಒಂದು ಶನಿವಾರ ಸಂಜೆ. ಗಂಡಸರು ಹೆಣ್ಣಿನ ವೇಷ ಹಾಕುವ ಸಿನಿಮಾಗಳನ್ನು ಮನೆಯಲ್ಲೇ ಸರಿಯಾಗಿ ನೋಡೋಕೆ ಇಷ್ಟು ಸಾಕು. ‘ಸರಿಯಾಗಿ’ ಅಂತ ಬೇಕಂತಲೇ ಹೇಳಿದೆ. ಸೀರೆ ಉಟ್ಟ ಗಂಡಸು ಪರದೆ ಮೇಲೆ ಬಂದ ಕೂಡಲೇ ಥಿಯೇಟರಿನಲ್ಲಿ ಶಿಳ್ಳೆ ಬೀಳುತ್ತದೆ, ಎಲ್ಲರೂ ನಗುತ್ತಾರೆ, ಆ ನಗು ಯಾರ ಮೇಲೆ ಅಂತ ಮಾತ್ರ ಯಾರೂ ಕೇಳೋದಿಲ್ಲ. ಬಸವನಗುಡಿಯ ನಮ್ಮ ಮನೆಯಲ್ಲಿ ಎಷ್ಟೋ ಸಲ ಹೀಗೆ ಕೂತು ನೋಡಿದ ಮೇಲೆ ನನಗೆ ಒಂದು ದಾರಿ ಸಿಕ್ಕಿತು. ವೇಷ ಹಾಕುವ ದೃಶ್ಯ, ವೇಷ ಕಳಚುವ ದೃಶ್ಯ, ಇವೆರಡನ್ನು ಗಮನ ಇಟ್ಟು ನೋಡಿ. ಸಿನಿಮಾ ಯಾರ ಕಡೆ ಇದೆ ಅನ್ನೋದು ಅಲ್ಲೇ ತಿಳಿಯುತ್ತದೆ.

ಮನೆಯಲ್ಲಿ ಹಿರಿಯರಿದ್ದರೆ ಮೊದಲು ಸ್ವಲ್ಪ ಮಾತಾಡಿ. ಅವರಿಗೆ ಇದು ಹೊಸದೇನಲ್ಲ. ಚೈತ್ರ ಹುಣ್ಣಿಮೆ ರಾತ್ರಿ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಕರಗ ಹೊರಡುವಾಗ ಅದನ್ನು ಹೊತ್ತವರು ಸೀರೆ ಉಟ್ಟು, ಬಳೆ ತೊಟ್ಟಿರುತ್ತಾರೆ, ಇಡೀ ಪೇಟೆ ಕೈ ಮುಗಿದು ನಿಂತಿರುತ್ತದೆ. ಅದು ಪೂಜೆ, ಅದನ್ನು ಡ್ರ್ಯಾಗ್ (ವೇದಿಕೆ ಮೇಲೆ ಹೆಣ್ಣಿನ ವೇಷ ಹಾಕಿ ಮಾಡುವ ಪ್ರದರ್ಶನ) ಅಂತ ಕರೆಯಬೇಡಿ. ಆದರೆ ಗಂಡಸಿನ ಮೈಮೇಲೆ ಸೀರೆ ಕಂಡರೆ ನಗಲೇಬೇಕು ಅಂತೇನಿಲ್ಲ, ಅಲ್ವಾ? ಸಿನಿಮಾದಲ್ಲೂ ಇದು ಮೊದಲಿನಿಂದ ಇದೆ. 1913ರ ‘ರಾಜಾ ಹರಿಶ್ಚಂದ್ರ’ಕ್ಕೆ ಹೆಂಗಸರು ಯಾರೂ ಒಪ್ಪದಿದ್ದಾಗ ನಿರ್ದೇಶಕ ದಾದಾಸಾಹೇಬ್ ಫಾಲ್ಕೆಯವರು ಹೋಟೆಲಿನಲ್ಲಿ ಕೆಲಸಕ್ಕಿದ್ದ ಅಣ್ಣಾ ಸಾಳುಂಕೆಯವರನ್ನು ಕರೆತಂದು ಹರಿಶ್ಚಂದ್ರನ ಹೆಂಡತಿ ತಾರಾಮತಿಯ ಪಾತ್ರ ಮಾಡಿಸಿದರು. 1917ರ ‘ಲಂಕಾ ದಹನ’ದಲ್ಲಿ ರಾಮನೂ ಸಾಳುಂಕೆಯವರೇ, ಸೀತೆಯೂ ಅವರೇ.

ಮೊದಲ ಸಿನಿಮಾ 1959ರ ‘ಸಮ್ ಲೈಕ್ ಇಟ್ ಹಾಟ್’ ಆಗಿರಲಿ. ಇದನ್ನು ಅಮ್ಮನ ಜೊತೆಗೂ ನೋಡಬಹುದು. ಗೂಂಡಾಗಳಿಂದ ತಪ್ಪಿಸಿಕೊಳ್ಳಲು ಇಬ್ಬರು ವಾದ್ಯದವರು ಹೆಂಗಸರ ಬ್ಯಾಂಡ್ ಸೇರುತ್ತಾರೆ. ರೈಲ್ವೆ ಪ್ಲಾಟ್‌ಫಾರ್ಮಿನ ದೃಶ್ಯ ಬಂದಾಗ ನಿಲ್ಲಿಸಿ, ಹಿಂದಕ್ಕೆ ಹೋಗಿ ಇನ್ನೊಮ್ಮೆ ನೋಡಿ. ಜ್ಯಾಕ್ ಲೆಮನ್ ಹೈ ಹೀಲ್ಸ್ ಹಾಕಿಕೊಂಡು ತಡವರಿಸುತ್ತಿದ್ದರೆ, ಪಕ್ಕದಲ್ಲೇ ಮರ್ಲಿನ್ ಮನ್ರೋ ಸರಸರ ನಡೆದು ಹೋಗುತ್ತಾರೆ, ಲೆಮನ್ ಬಾಯಿ ಬಿಟ್ಟು ನೋಡುತ್ತಾರೆ. ಹೆಂಗಸರು ದಿನಾ ಏನೇನು ಸಂಭಾಳಿಸುತ್ತಾರೆ ಅಂತ ಅವರಿಗೆ ಮೊದಲ ಸಲ ಹೊಳೆಯೋದು ಅಲ್ಲೇ. ಕೊನೆಯಲ್ಲಿ ದೋಣಿಯಲ್ಲಿ ಕೂತು ವಿಗ್ ಕಿತ್ತು ‘ನಾನು ಗಂಡಸು’ ಅನ್ನುತ್ತಾರೆ. ಅವರನ್ನು ಹೆಂಗಸು ಅಂತ ನಂಬಿ ಮದುವೆಯಾಗಲು ಹೊರಟ ಶ್ರೀಮಂತ ಏನು ಹೇಳುತ್ತಾನೆ ಅಂತ ನಾನು ಇಲ್ಲಿ ಬರೆಯೋದಿಲ್ಲ. ಆ ಒಂದು ಮಾತಿಗೋಸ್ಕರ ಇಡೀ ಸಿನಿಮಾ ನೋಡಬಹುದು.

ಆಮೇಲೆ 1996ರ ‘ಅವ್ವೈ ಷಣ್ಮುಗಿ’ ಅಥವಾ ಅದರ ಹಿಂದಿ ರೂಪ ‘ಚಾಚಿ 420’ ಹಾಕಿ. ಹೆಂಡತಿಯಿಂದ ದೂರವಾದ ಗಂಡ, ಮಗಳ ಜೊತೆ ಇರೋಕೆ ಹೆಂಗಸಿನ ವೇಷ ಹಾಕಿ ಆಯಾ ಆಗಿ ಆ ಮನೆ ಸೇರುತ್ತಾನೆ. ಕಮಲ್ ಹಾಸನ್ ಅವರ ಕೈ, ಕುತ್ತಿಗೆ, ಸೆರಗು ಸರಿಮಾಡಿಕೊಳ್ಳುವ ರೀತಿ ನೋಡಿ, ಮೇಕಪ್ಪಿಗಿಂತ ಅದೇ ಜಾಸ್ತಿ ಕೆಲಸ ಮಾಡಿದೆ. ಆದರೆ ಇಲ್ಲಿ ವೇಷ ಕಳಚಿದ ಕೂಡಲೇ ಅವನು ಒಳ್ಳೆ ಅಪ್ಪ ಅಂತ ಸಿನಿಮಾ ಎಲ್ಲವನ್ನೂ ಕ್ಷಮಿಸಿಬಿಡುತ್ತದೆ. ಇಷ್ಟು ದಿನ ನಂಬಿ ಮನೆಯೊಳಗೆ ಬಿಟ್ಟುಕೊಂಡ ಹೆಂಡತಿ ಕಡೆಯಿಂದ ಒಮ್ಮೆ ಯೋಚಿಸಿ, ಗೆಳೆಯರ ಜೊತೆ ಮಾತಾಡಿ. ನಮ್ಮ ಮನೆಯಲ್ಲಿ ಅತಿ ಹೆಚ್ಚು ಜಗಳ ಆಗಿದ್ದು ಈ ಸಿನಿಮಾಕ್ಕೆ.

1960ರ ‘ಸೈಕೋ’ದಂಥವುಗಳಲ್ಲಿ ಹೆಣ್ಣುವೇಷ ಹಾಕಿದವನೇ ಕೊಲೆಗಾರ. ಕಥೆಯಾಗಿ ಚೆನ್ನಾಗಿದೆ, ಆದರೆ ಆ ಗುರುತು ಆಮೇಲೂ ಎಷ್ಟೋ ಸಿನಿಮಾಗಳಿಗೆ ಅಂಟಿಕೊಂಡಿತು, ಕೊನೆಗೆ ಅದು ಬಂದು ಬಿದ್ದದ್ದು ರಸ್ತೆಯಲ್ಲಿ ಓಡಾಡುವ ನಿಜವಾದ ಜನರ ಮೈಮೇಲೆ.

ಕಲ್ಟ್ ಸಿನಿಮಾಗಳನ್ನು, ಅಂದರೆ ಕೆಲವೇ ಅಭಿಮಾನಿಗಳು ಹುಚ್ಚೆದ್ದು ಮತ್ತೆ ಮತ್ತೆ ನೋಡುವಂಥವನ್ನು, ಮೊದಲೇ ಹಾಕಬೇಡಿ. 1972ರ ‘ಪಿಂಕ್ ಫ್ಲೆಮಿಂಗೋಸ್’ನಲ್ಲಿ ಡ್ರ್ಯಾಗ್ ಕಲಾವಿದ ಡಿವೈನ್ ಅದ್ಭುತ, ಆದರೆ ಅದರಲ್ಲಿ ನಿಜಕ್ಕೂ ಹೊಟ್ಟೆ ತೊಳಸುವ ದೃಶ್ಯಗಳಿವೆ, ಬಂದವರಿಗೆ ಮೊದಲೇ ಹೇಳಿಬಿಡಿ. ಅದಕ್ಕಿಂತ 1975ರ ‘ದಿ ರಾಕಿ ಹಾರರ್ ಪಿಕ್ಚರ್ ಶೋ’ ಒಳ್ಳೇದು, ಮಕ್ಕಳು ಮಲಗಿದ ಮೇಲೆ. ಬಿಡುಗಡೆಯಾದಾಗ ಓಡಲಿಲ್ಲ, ಮರುವರ್ಷ ನ್ಯೂಯಾರ್ಕಿನಲ್ಲಿ ಮಧ್ಯರಾತ್ರಿ ಪ್ರದರ್ಶನ ಶುರುವಾದ ಮೇಲೆ ಜನ ಹುಚ್ಚೆದ್ದು ಬಂದರು. ಮದುವೆ ದೃಶ್ಯದಲ್ಲಿ ಪ್ರೇಕ್ಷಕರು ಅಕ್ಕಿ ಎಸೆಯುತ್ತಾರೆ, ಮಳೆ ಬಂದಾಗ ತಲೆ ಮೇಲೆ ಪೇಪರ್ ಹಿಡಿಯುತ್ತಾರೆ. ನಮಗಂತೂ ಅಕ್ಷತೆ ಹೇಳಿಕೊಡಬೇಕಾಗಿಲ್ಲ, ಒಂದು ಬಟ್ಟಲು ಅಕ್ಕಿ ಇಟ್ಟುಕೊಳ್ಳಿ, ಕೆಳಗೆ ಹಳೇ ಬೆಡ್‌ಶೀಟ್ ಹಾಸಿ. ಟಿಮ್ ಕರಿ ಲಿಫ್ಟಿನಲ್ಲಿ ಇಳಿದು ಬಂದು ನಿಲುವಂಗಿ ಕಿತ್ತೆಸೆಯುತ್ತಾರೆ, ಒಳಗೆ ಹೆಂಗಸರ ಕಾರ್ಸೆಟ್. ಇಲ್ಲಿ ಯಾವ ಗೂಂಡಾ ಇಲ್ಲ, ಮಗುವನ್ನು ನೋಡುವ ನೆಪ ಇಲ್ಲ. ಅವನಿಗೆ ಇಷ್ಟ, ಹಾಕಿದ್ದಾನೆ.

ಈಗ 1994ರ ‘ಪ್ರಿಸಿಲ್ಲಾ, ಕ್ವೀನ್ ಆಫ್ ದಿ ಡೆಸರ್ಟ್’. ಮೂವರು ಕಲಾವಿದರು ಹಳೇ ಬಸ್ಸಿನಲ್ಲಿ ಆಸ್ಟ್ರೇಲಿಯಾದ ಮರುಭೂಮಿ ದಾಟುತ್ತಾರೆ. ರಬ್ಬರ್ ಚಪ್ಪಲಿಗಳನ್ನೇ ಜೋಡಿಸಿ ಮಾಡಿದ ಒಂದು ಡ್ರೆಸ್ ಇದೆ, ಕಣ್ಣು ಬಿಟ್ಟು ನೋಡಿ, ವಸ್ತ್ರವಿನ್ಯಾಸಕ್ಕೆ ಈ ಸಿನಿಮಾ ಆಸ್ಕರ್ ಗೆದ್ದಿದೆ. ಮೂವರಲ್ಲಿ ಇಬ್ಬರು ಡ್ರ್ಯಾಗ್ ಮಾಡುವ ಗಂಡಸರು, ಬರ್ನಡೆಟ್ ಮಾತ್ರ ಟ್ರಾನ್ಸ್ ಮಹಿಳೆ, ಅಂದರೆ ಹುಟ್ಟಿದಾಗ ಗಂಡು ಅಂತ ಗುರುತಿಸಿದರೂ ತಾನು ಹೆಣ್ಣು ಅಂತ ಬದುಕುವವರು. ಶೋ ಮುಗಿದ ಮೇಲೆ ಆ ಇಬ್ಬರು ವಿಗ್ ತೆಗೆದು ಗಂಡಸರ ಬಟ್ಟೆ ಹಾಕಿಕೊಳ್ಳುತ್ತಾರೆ, ಬರ್ನಡೆಟ್ ಹೆಣ್ಣಾಗಿಯೇ ಇರುತ್ತಾರೆ. ಡ್ರ್ಯಾಗ್ ಒಂದು ಕಲೆ, ಟ್ರಾನ್ಸ್ ಆಗಿರುವುದು ಬದುಕು. ಇದನ್ನು ನಾನು ಎಷ್ಟೋ ಸಲ ಬಾಯಲ್ಲಿ ಹೇಳಿದ್ದೆ, ಗೆಳೆಯರಿಗೆ ಅರ್ಥವಾಗಿದ್ದು ಈ ಮೂವರನ್ನು ಪಕ್ಕಪಕ್ಕದಲ್ಲಿ ನೋಡಿದ ಮೇಲೆ.

ಕೊನೆಗೆ ‘ನಾನು ಅವನಲ್ಲ ಅವಳು’. ಬಿ.ಎಸ್. ಲಿಂಗದೇವರು ನಿರ್ದೇಶಿಸಿದ್ದು, ಟ್ರಾನ್ಸ್ ಮಹಿಳೆ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ ಆಧರಿಸಿದ್ದು, ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದಿದ್ದು. ಇಷ್ಟು ಹೊತ್ತು ಹೇಳಿದ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ಇಲ್ಲಿ ಪ್ಯಾಂಟು ಶರ್ಟೇ ವೇಷ, ಸೀರೆ ಉಟ್ಟಾಗಲೇ ಅದು ಕಳಚುವುದು. ಸಿನಿಮಾ ಮುಗಿದ ಕೂಡಲೇ ಲೈಟ್ ಹಾಕಬೇಡಿ, ಸ್ವಲ್ಪ ಹೊತ್ತು ಹಾಗೇ ಕೂತಿರಿ.

ಇಷ್ಟಾದ ಮೇಲೆ ಮನೆಯಿಂದ ಹೊರಗೂ ಹೋಗಿ. ಬೆಂಗಳೂರು ಕ್ವಿಯರ್ ಫಿಲ್ಮ್ ಫೆಸ್ಟಿವಲ್ ನಡೆಯುವಾಗ ಹೋಗಿ ನೋಡಿ, ಡ್ರ್ಯಾಗ್ ಶೋ ಇದ್ದರೆ ಮುಂದಿನ ಸಾಲಲ್ಲೇ ಕೂತು ಚಪ್ಪಾಳೆ ಹೊಡೆಯಿರಿ. ಫೋಟೋ ತೆಗೆಯುವ ಮೊದಲು ಕೇಳಿ. ಶೋ ಮುಗಿದು ಕಲಾವಿದರು ವಿಗ್ ತೆಗೆಯುತ್ತಿರುವಾಗಲಂತೂ ಮೊಬೈಲ್ ಜೇಬಿನಲ್ಲೇ ಇರಲಿ. ಎಷ್ಟೋ ಜನ ಮನೆಯಲ್ಲಿ ಇನ್ನೂ ಹೇಳಿಕೊಂಡಿರುವುದಿಲ್ಲ.