ಕಂಪ್ಯೂಟರ್ ಚಾಲೂ ಆಗವಲ್ದು: ಫಾರ್ಮ್ಯಾಟ್ ಹೊಡೆಸುವ ಮೊದಲು

ನಿನ್ನೆ ರಾತ್ರಿ ನೆಟ್ಟಗಿದ್ದ ಕಂಪ್ಯೂಟರ್ ಬೆಳಿಗ್ಗೆ ಗುಂಡಿ ಒತ್ತಿದರೆ ಮಾತಾಡುವುದಿಲ್ಲ. ಸುತ್ತ ನಿಂತವರಲ್ಲಿ ಒಬ್ಬರಾದರೂ ‘ಫಾರ್ಮ್ಯಾಟ್ ಹೊಡೀಬೇಕ್ರಿ’ ಅನ್ನದೆ ಇರುವುದಿಲ್ಲ. ಫಾರ್ಮ್ಯಾಟ್ ಎಂದರೆ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದು. ಆ ಮಾತಿಗೆ ತಲೆದೂಗುವ ಮೊದಲು ಒಂದು ನಿಮಿಷ ನಿಲ್ಲಿ. ‘ಚಾಲೂ ಆಗವಲ್ದು’ ಎಂಬ ಒಂದೇ ಮಾತಿನೊಳಗೆ ನಾಲ್ಕು ಬೇರೆ ಬೇರೆ ಜಡ್ಡುಗಳಿವೆ.

ಗುಂಡಿ ಒತ್ತಿದಾಗ ಫ್ಯಾನೂ ಇಲ್ಲ, ದೀಪವೂ ಇಲ್ಲ ಎಂದರೆ ಅದು ಕರೆಂಟಿನ ತೊಂದರೆ. ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು ಎಂದರೆ ರ‍್ಯಾಮ್, ಕೇಬಲ್ ಅಥವಾ ಮದರ್‌ಬೋರ್ಡ್ (ಎಲ್ಲ ಭಾಗಗಳು ಕೂಡುವ ದೊಡ್ಡ ಹಲಗೆ) ಕಡೆ ನೋಡಬೇಕು. ತಯಾರಕರ ಲೋಗೋ ಬಂದು, ಆಮೇಲೆ ಕಪ್ಪು ಪರದೆಯ ಮೇಲೆ ಒಂದೆರಡು ಇಂಗ್ಲಿಷ್ ಸಾಲು ಮೂಡಿ ನಿಂತರೆ ಕಂಪ್ಯೂಟರಿಗೆ ಡಿಸ್ಕ್ ಸಿಗುತ್ತಿಲ್ಲ. ಚುಕ್ಕಿಗಳು ಸುತ್ತುತ್ತಲೇ ಇದ್ದರೆ, ಇಲ್ಲವೇ ನೀಲಿ ಪರದೆ ಬಂದರೆ, ಕೆಟ್ಟದ್ದು ಹೆಚ್ಚಾಗಿ ವಿಂಡೋಸ್. ಫಾರ್ಮ್ಯಾಟ್ ಎಂಬ ಮದ್ದು ನಾಟುವುದು ಈ ನಾಲ್ಕನೆಯದಕ್ಕೆ ಮಾತ್ರ, ಅದೂ ಉಳಿದೆಲ್ಲ ಮುಗಿದ ಮೇಲೆ. ಹಾಗಾಗಿ ಮೊದಲು ಗಾಡಿ ಎಲ್ಲಿಯವರೆಗೆ ಹೋಗಿ ನಿಂತಿತು ಎಂಬುದನ್ನು ನೋಡಿ. ಪರದೆಯ ಮೇಲೆ ಏನೇ ಬಂದರೂ ಮೊಬೈಲಿನಲ್ಲಿ ಒಂದು ಫೋಟೊ ಹೊಡೆದಿಡಿ.

ಜೀವವೇ ಇಲ್ಲದಿದ್ದರೆ

ಗೋಡೆಯ ಸಾಕೆಟ್‌ನಿಂದ ಶುರು ಮಾಡಿ. ಎಕ್ಸ್‌ಟೆನ್ಷನ್ ಬೋರ್ಡ್, ಯುಪಿಎಸ್ ಎರಡನ್ನೂ ಬದಿಗಿಟ್ಟು ಕೇಬಲ್ಲನ್ನು ನೇರವಾಗಿ ಸಾಕೆಟ್‌ಗೆ ಹಾಕಿ. ಅದಕ್ಕೂ ಮೊದಲು ಅದೇ ಸಾಕೆಟ್‌ಗೆ ಮೊಬೈಲ್ ಚಾರ್ಜರ್ ಹಾಕಿ ಕರೆಂಟ್ ಇದೆಯೇ ಖಾತ್ರಿ ಮಾಡಿಕೊಳ್ಳಿ. ಬ್ಯಾಟರಿ ಸತ್ತ ಯುಪಿಎಸ್ ಬರೀ ಕೀಂಕೀಂ ಎನ್ನುತ್ತ ಕಂಪ್ಯೂಟರಿಗೆ ಕರೆಂಟನ್ನೇ ಬಿಡದಿರುವುದುಂಟು. ಕ್ಯಾಬಿನೆಟ್‌ನ ಹಿಂಬದಿ, ಕೇಬಲ್ ಸಿಕ್ಕಿಸುವಲ್ಲಿ, ಎಸ್‌ಎಂಪಿಎಸ್‌ನದೇ (ಒಳಭಾಗಗಳಿಗೆ ಕರೆಂಟ್ ಹಂಚುವ ಡಬ್ಬಿ) ಒಂದು ಚಿಕ್ಕ ಸ್ವಿಚ್ ಇರುತ್ತದೆ. ಕಸ ಹೊಡೆಯುವಾಗ ಕೈ ತಾಗಿ ಅದು ಆಫ್ ಆಗಿರಬಹುದು. ಹಳೆಯ ಎಸ್‌ಎಂಪಿಎಸ್‌ನಲ್ಲಿ 115/230 ಎಂದು ಬರೆದ ಕೆಂಪು ಸ್ವಿಚ್ಚೂ ಇರುತ್ತದೆ. ಅದು 230ರಲ್ಲೇ ಇರಬೇಕು. 115ಕ್ಕೆ ತಳ್ಳಿ ನಮ್ಮ ಕರೆಂಟ್ ಕೊಟ್ಟರೆ ‘ಢಂ’ ಎಂದು ಅಲ್ಲಿಗೇ ಮುಗಿಯಿತು.

ಇಷ್ಟಾದರೂ ಚಾಲೂ ಆಗದಿದ್ದರೆ ಕ್ಯಾಬಿನೆಟ್‌ನ ಎಡಬದಿಯ ತಗಡು ಬಿಚ್ಚಿ. ಕೇಬಲ್ ಹಾಕಿದಾಗ ಮದರ್‌ಬೋರ್ಡ್ ಮೇಲೆ ಚಿಕ್ಕ ದೀಪ ಹೊತ್ತಿದರೆ ಎಸ್‌ಎಂಪಿಎಸ್‌ನ 5 ವೋಲ್ಟ್ ಸ್ಟ್ಯಾಂಡ್‌ಬೈ (ಕಂಪ್ಯೂಟರ್ ಬಂದ್ ಇದ್ದಾಗಲೂ ಹರಿಯುವ ಕರೆಂಟ್) ಬರುತ್ತಿದೆ ಎಂದರ್ಥ. ಆಗ ಅನುಮಾನ ಮುಂಭಾಗದ ಗುಂಡಿಯ ಮೇಲೆ. ನಾಲ್ಕೈದು ವರ್ಷ ಒತ್ತಿಸಿಕೊಂಡ ಗುಂಡಿ ಸವೆದು ಕೆಲಸ ನಿಲ್ಲಿಸುವುದು ಅಪರೂಪವಲ್ಲ. ಗುಂಡಿಯಿಂದ ಬರುವ ತೆಳ್ಳನೆಯ ವೈರ್ ಮದರ್‌ಬೋರ್ಡಿನ ಮೂಲೆಯಲ್ಲಿ ಎರಡು ಪಿನ್ನುಗಳಿಗೆ ಸಿಕ್ಕಿಕೊಂಡಿರುತ್ತದೆ, ಪಕ್ಕದಲ್ಲಿ ‘ಪವರ್ ಸ್ವಿಚ್’ ಎಂಬುದರ ಗಿಡ್ಡ ರೂಪ ಅಚ್ಚಾಗಿರುತ್ತದೆ. ವೈರ್ ಎಳೆದು, ಆ ಎರಡು ಪಿನ್ನುಗಳಿಗೆ ಸ್ಕ್ರೂಡ್ರೈವರ್‌ನ ತುದಿಯನ್ನು ಒಂದೇ ಸೆಕೆಂಡ್ ತಾಗಿಸಿ. ಫ್ಯಾನ್ ತಿರುಗಿತೇ? ಕೆಟ್ಟಿದ್ದು ಗುಂಡಿ. ರೀಸೆಟ್ ಗುಂಡಿಯ ವೈರನ್ನು ಅದೇ ಜಾಗಕ್ಕೆ ಹಾಕಿಕೊಂಡರೆ ಸದ್ಯದ ಕೆಲಸ ನಡೆಯುತ್ತದೆ.

ಬೋರ್ಡಿನಲ್ಲಿ ದೀಪವೇ ಇಲ್ಲವಾದರೆ ಎಸ್‌ಎಂಪಿಎಸ್ ಪರೀಕ್ಷಿಸಬೇಕು. ಸಾಕೆಟ್‌ನಿಂದ ಕೇಬಲ್ ಕಿತ್ತು, ಮದರ್‌ಬೋರ್ಡಿಗೂ ಉಳಿದ ಭಾಗಗಳಿಗೂ ಹೋಗುವ ಕನೆಕ್ಟರ್‌ಗಳನ್ನೆಲ್ಲ ಬಿಡಿಸಿ. 24 ಪಿನ್ನಿನ ದೊಡ್ಡ ಕನೆಕ್ಟರ್‌ನಲ್ಲಿ ಹಸಿರು ವೈರ್ ಇರುವುದು ಒಂದೇ. ‘ಯು’ ಆಕಾರಕ್ಕೆ ಬಗ್ಗಿಸಿದ ಪೇಪರ್ ಕ್ಲಿಪ್ಪಿನ ಒಂದು ತುದಿ ಅದಕ್ಕೆ, ಇನ್ನೊಂದು ತುದಿ ಯಾವುದಾದರೂ ಕಪ್ಪು ವೈರಿಗೆ. ಆಮೇಲಷ್ಟೇ ಕರೆಂಟ್ ಕೊಡಿ. ಎಸ್‌ಎಂಪಿಎಸ್‌ನ ಫ್ಯಾನ್ ತಿರುಗದಿದ್ದರೆ ಹೆಚ್ಚಾಗಿ ಅದು ಹೋಗಿದೆ. ತಿರುಗಿತು ಎಂದ ಮಾತ್ರಕ್ಕೆ ಪಾಸಾಯಿತು ಎಂದಲ್ಲ: ಮಲ್ಟಿಮೀಟರ್ ಇದ್ದರೆ ಹಳದಿ ವೈರಿನಲ್ಲಿ 11.4ರಿಂದ 12.6 ವೋಲ್ಟಿನ ನಡುವೆ ಬರಬೇಕು. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಎಂದೂ ಬಿಚ್ಚಬೇಡಿ. ಒಳಗಿನ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ತುಂಬಿರುತ್ತದೆ, ಪ್ಲಗ್ ಕಿತ್ತ ಕೂಡಲೇ ಅದು ಇಳಿಯುವುದಿಲ್ಲ.

ಲ್ಯಾಪ್‌ಟಾಪ್ ಆದರೆ ಮೊದಲ ಮದ್ದು ಸುಲಭದ್ದು. ಚಾರ್ಜರ್ ಕಿತ್ತು, ಬ್ಯಾಟರಿ ಹೊರಗೆ ತೆಗೆಯುವಂಥದ್ದಾದರೆ ಅದನ್ನೂ ತೆಗೆದು, ಪವರ್ ಗುಂಡಿಯನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಬಳಿಕ ಚಾರ್ಜರ್ ಮಾತ್ರ ಹಾಕಿ ಚಾಲೂ ಮಾಡಿ. ಕರೆಂಟ್ ಹೋಗಿ ಬಂದಾಗ ಬೋರ್ಡಿನಲ್ಲಿ ಸಿಕ್ಕಿಬಿದ್ದ ಚಾರ್ಜ್ ಇದರಿಂದ ಇಳಿದುಹೋಗುತ್ತದೆ. ಎಷ್ಟೋ ‘ಸತ್ತ’ ಲ್ಯಾಪ್‌ಟಾಪುಗಳು ಎದ್ದು ಕೂರುವುದು ಇದೊಂದರಿಂದಲೇ.

ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು

ಮಾನಿಟರ್ ಕೇಬಲ್ ನೋಡಿ. ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರಿನಲ್ಲಿ ಕೇಬಲ್ಲನ್ನು ಮದರ್‌ಬೋರ್ಡಿನ ಕಿಂಡಿಗೆ ಹಾಕಿಟ್ಟು ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುವವರಿದ್ದಾರೆ. ಕಾರ್ಡಿನ ಕಿಂಡಿಗೇ ಹಾಕಬೇಕು. ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ನಿನ ಕನೆಕ್ಟರ್ ಸಡಿಲವಾಗಿದ್ದರೂ ಇದೇ ಲಕ್ಷಣ.

ಇವೆರಡೂ ಸರಿ ಇದ್ದರೆ ಕೈ ಹಾಕಬೇಕಾದದ್ದು ರ‍್ಯಾಮ್‌ಗೆ. ನಮ್ಮ ಕಡೆ ರ‍್ಯಾಮ್ ಮತ್ತು ಒಳಗಿನ ಉಳಿದ ಭಾಗಗಳು ಕೈ ಕೊಡುವುದಕ್ಕೆ ಊರಿಗೊಂದು ಕಾರಣವಿದೆ. ವಿಜಯಪುರದಲ್ಲಿ ಬೇಸಿಗೆಯ ಗಾಳಿಗೆ ಏಳುವ ಎರೆಮಣ್ಣಿನ ನುಣ್ಣನೆಯ ಧೂಳು ಸ್ಲಾಟಿನೊಳಗೆ ಇಳಿಯುತ್ತದೆ. ಬೆಳಗಾವಿಯ ಮಳೆಗಾಲದ ತಂಪಿಗೆ ಸಂಪರ್ಕದ ಪಟ್ಟಿಗಳು ಮಬ್ಬುಗಟ್ಟುತ್ತವೆ. ಪವರ್‌ಲೂಮ್ ಗದ್ದಲದ ರಬಕವಿ-ಬನಹಟ್ಟಿಯಲ್ಲಿ ನೂಲಿನ ನಯವಾದ ಅರಳೆ ಪ್ರೊಸೆಸರ್ ಫ್ಯಾನಿನ ಕೆಳಗೆ ಕಂಬಳಿಯಂತೆ ಹಾಸಿಕೊಳ್ಳುತ್ತದೆ.

ಕೆಲಸ ಹೀಗೆ ಮಾಡಿ. ಪ್ಲಗ್ ಕಿತ್ತು, ಪವರ್ ಗುಂಡಿಯನ್ನು 10 ಸೆಕೆಂಡ್ ಒತ್ತಿ ಉಳಿದ ಚಾರ್ಜ್ ಇಳಿಸಿ. ಬಣ್ಣ ಬಳಿಯದ ತಗಡಿನ ಭಾಗವನ್ನು ಬರಿಗೈಲಿ ಮುಟ್ಟಿ; ಒಣ ಹವೆಯಲ್ಲಿ ಮೈಮೇಲೆ ಕೂಡಿದ ಸ್ಟ್ಯಾಟಿಕ್ ಕರೆಂಟ್ ಅಲ್ಲಿಗೆ ಇಳಿಯಲಿ. ಸ್ಲಾಟಿನ ತುದಿಯ ಕೊಂಡಿಯನ್ನು ಹೊರಗೆ ಒತ್ತಿದರೆ ರ‍್ಯಾಮ್ ಪಟ್ಟಿ ತಾನೇ ಮೇಲೇಳುತ್ತದೆ. ಅಂಚು ಹಿಡಿದು ತೆಗೆಯಿರಿ, ಬಂಗಾರದ ಬಣ್ಣದ ಪಟ್ಟಿಗಳಿಗೆ ಬೆರಳು ತಾಗಬಾರದು. ಅವು ಹೊಳೆಯದೆ ಕಂದುಬಣ್ಣಕ್ಕೆ ತಿರುಗಿದ್ದರೆ ಅಲ್ಲೇ ಇದೆ ಜಡ್ಡು. ಶಾಲೆ ಮಕ್ಕಳ ಮೆತ್ತನೆಯ ಬಿಳಿ ರಬ್ಬರಿನಿಂದ ಎರಡೂ ಬದಿ, ಮೇಲಿನಿಂದ ಕೆಳಕ್ಕೆ ಒಂದೇ ದಿಕ್ಕಿಗೆ, ಹಗುರಾಗಿ ನಾಲ್ಕೈದು ಸಲ ಉಜ್ಜಿ. ಶಾಯಿ ಅಳಿಸುವ ಗಡಸು ನೀಲಿ ರಬ್ಬರ್ ಬೇಡ, ಅದು ಚಿನ್ನದ ಲೇಪವನ್ನೇ ಕೆರೆದುಬಿಡುತ್ತದೆ. ರಬ್ಬರಿನ ಪುಡಿಯನ್ನು ಒಣ ಬ್ರಷ್‌ನಿಂದ ಹೊಡೆದುಹಾಕಿ. ಬಾಯಿಂದ ಊದಿದರೆ ಧೂಳಿನ ಜೊತೆಗೆ ಉಗುಳಿನ ಹನಿಯೂ ಸೇರುತ್ತದೆ.

ತಿರುಗಿ ಹಾಕುವಾಗ ಕಲಿಯುವವರು ಎಡವುವುದು ಇಲ್ಲೇ. ಪಟ್ಟಿಯ ಕಚ್ಚು ಸ್ಲಾಟಿನ ಉಬ್ಬಿಗೆ ಸರಿಯಾಗಿ ಕೂಡಬೇಕು, ಆಮೇಲೆ ಎರಡೂ ತುದಿಗಳನ್ನು ಹೆಬ್ಬೆರಳಿನಿಂದ ಒತ್ತಬೇಕು. ಕೊಂಡಿ ‘ಟಕ್’ ಎನ್ನುವವರೆಗೆ. ಹೊಸಬರು ಬೋರ್ಡ್ ಮುರಿದೀತೆಂದು ಹೆದರಿ ಒಂದು ಬದಿ ಅರ್ಧಕ್ಕೇ ಬಿಡುತ್ತಾರೆ. ಆಗ ಮೊದಲಿಗಿಂತ ಹದಗೆಡುತ್ತದೆ. ಎರಡು ಪಟ್ಟಿಗಳಿದ್ದರೆ ಮೊದಲು ಒಂದನ್ನೇ ಹಾಕಿ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಎಣಿಸಿದರೆ ಎರಡನೆಯದು ಸರಿಯಾದ ಜಾಗ. ಆಗಲಿಲ್ಲವೇ, ಇನ್ನೊಂದು ಪಟ್ಟಿ. ಹೊಸ ಡಿಡಿಆರ್5 ರ‍್ಯಾಮ್ ಇರುವ ಕಂಪ್ಯೂಟರ್ ಬಿಚ್ಚಿ ಹಾಕಿದ ಮೊದಲ ಸಲ ಕೆಲವು ನಿಮಿಷ ಕಪ್ಪು ಪರದೆಯಲ್ಲೇ ಲೆಕ್ಕಾಚಾರ ನಡೆಸುತ್ತದೆ. ಗಡಿಬಿಡಿಯಲ್ಲಿ ಆಫ್ ಮಾಡಬೇಡಿ, ಚಹಾ ಕುಡಿದು ಬನ್ನಿ.

ಒಂದೆರಡು ನಿಮಿಷ ನಡೆದು ತಾನೇ ಬಂದ್ ಆಗುವ ಕಂಪ್ಯೂಟರಿಗೆ ಸೆಖೆಯ ಕಾಟ. ಫ್ಯಾನಿನ ಎಲೆಯನ್ನು ಬೆರಳಿನಿಂದ ಹಿಡಿದು ಬ್ಲೋವರ್ ಹೊಡೆಯಿರಿ, ಗಾಳಿಗೆ ಗಿರಗಿರ ತಿರುಗಲು ಬಿಟ್ಟರೆ ಬೇರಿಂಗ್ ಹಾಳು. ಹೀಟ್‌ಸಿಂಕ್‌ನ (ಪ್ರೊಸೆಸರಿನ ಕಾವು ಹೀರುವ ಲೋಹದ ಗಟ್ಟಿ) ನಾಲ್ಕು ಕಾಲುಗಳಲ್ಲಿ ಒಂದು ಎದ್ದಿದೆಯೇ ನೋಡಿ. ಅದರ ಮತ್ತು ಪ್ರೊಸೆಸರಿನ ನಡುವಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತಾಗಿದ್ದರೆ ಒರೆಸಿ, ಬಟಾಣಿ ಕಾಳಿನಷ್ಟು ಹೊಸದು ಹಾಕಿ.

ದುಂಡನೆಯ ಬ್ಯಾಟರಿ

ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ ಸಿಆರ್2032, 3 ವೋಲ್ಟಿನದು. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ದಿನಾಲೂ ಗಡಿಯಾರ ಹಳೆಯ ತಾರೀಖಿಗೆ ಓಡಿದರೆ ಅದು ಸತ್ತಿದೆ. ಜೊತೆಗೆ ಬಯೋಸ್‌ನ (ವಿಂಡೋಸ್‌ಗೂ ಮೊದಲು ಓಡುವ ಬೋರ್ಡಿನದೇ ಸಾಫ್ಟ್‌ವೇರ್) ಸೆಟ್ಟಿಂಗುಗಳೂ ಮರೆತುಹೋಗಿ, ಡಿಸ್ಕಿನ ಜೊತೆ ಮಾತಾಡುವ ಮೋಡ್ ಎಎಚ್‌ಸಿಐಯಿಂದ ಬೇರೆಯದಕ್ಕೆ ಬದಲಾಗಿ, ಗಟ್ಟಿಮುಟ್ಟಾಗಿದ್ದ ವಿಂಡೋಸ್ ನೀಲಿ ಪರದೆ ತೋರಿಸುವುದುಂಟು. ಬ್ಯಾಟರಿ ಬದಲಿಸಿ ಬಯೋಸ್‌ನಲ್ಲಿ ಮೋಡ್ ಮೊದಲಿನಂತೆ ಇಟ್ಟರೆ ಸಾಕು. ಇಂಥದ್ದಕ್ಕೂ ಫಾರ್ಮ್ಯಾಟ್ ಹೊಡೆಸಿದವರನ್ನು ನೆನೆದರೆ ಅಯ್ಯೋ ಅನಿಸುತ್ತದೆ.

ಲ್ಯಾಪ್‌ಟಾಪಿನ ಬಯೋಸ್ ಮುಟ್ಟುವ ಮೊದಲು ಒಂದು ಎಚ್ಚರಿಕೆ. ವಿಂಡೋಸ್ 11 ಇರುವ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ತಾನಾಗಿಯೇ ಬಿಟ್‌ಲಾಕರ್ ಬೀಗ ಹಾಕಿಕೊಂಡಿರುತ್ತದೆ. ಬಯೋಸ್ ಬದಲಾದರೆ 48 ಅಂಕಿಯ ಕೀ ಕೇಳುತ್ತದೆ. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಮೊಬೈಲಿನಿಂದ ಖಾತೆಗೆ ಹೋಗಿ ಮೊದಲೇ ಬರೆದಿಟ್ಟುಕೊಳ್ಳಿ.

ವಿಂಡೋಸ್ ಬಾಗಿಲಲ್ಲೇ ನಿಂತರೆ

‘ಬೂಟ್ ಡಿವೈಸ್ ಇಲ್ಲ’ ಎಂಬ ಸಾಲು ಬಂದರೆ ಮೊದಲು ಯುಎಸ್‌ಬಿಯಲ್ಲಿ ಮರೆತ ಪೆನ್‌ಡ್ರೈವ್ ಕೀಳಿ. ನಂತರ ಡಿಸ್ಕಿನ ಸಾಟಾ ಕೇಬಲ್ ಎರಡೂ ತುದಿ ಬಿಚ್ಚಿ ಹಾಕಿ. ಬಯೋಸ್ ಪಟ್ಟಿಯಲ್ಲಿ ಡಿಸ್ಕಿನ ಹೆಸರು ಕಂಡರೆ ಜೀವ ಇದೆ. ಹಾರ್ಡ್ ಡಿಸ್ಕ್ ಕಟಕಟ ಎನ್ನುತ್ತಿದ್ದರೆ ಕೂಡಲೇ ಬಂದ್ ಮಾಡಿ. ಒಳಗಿನ ಲೆಕ್ಕಪತ್ರ ಮುಖ್ಯವಾದರೆ ಡೇಟಾ ರಿಕವರಿ ಮಾಡುವವರ ಹೊರತು ಇನ್ಯಾರೂ ಅದನ್ನು ಚಾಲೂ ಮಾಡಬಾರದು.

ಚುಕ್ಕಿ ಸುತ್ತುತ್ತಲೇ ಇದ್ದರೆ, ಪವರ್ ಗುಂಡಿಯನ್ನು ಬಂದ್ ಆಗುವವರೆಗೆ ಒತ್ತಿ ಹಿಡಿಯಿರಿ. ಹೀಗೆ ಎರಡು-ಮೂರು ಸಲ ಮಾಡಿದರೆ ವಿಂಡೋಸ್ ತಾನೇ ರಿಪೇರಿ ಪರದೆಗೆ ಹೋಗುತ್ತದೆ. ಟ್ರಬಲ್‌ಶೂಟ್, ಅದರೊಳಗೆ ಅಡ್ವಾನ್ಸ್ಡ್ ಆಪ್ಷನ್ಸ್. ಮೊದಲು ಸ್ಟಾರ್ಟಪ್ ರಿಪೇರ್. ನಿನ್ನೆ ಅಪ್‌ಡೇಟ್ ಆಗಿತ್ತೆಂದರೆ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್. ಇಲ್ಲವಾದರೆ ಸ್ಟಾರ್ಟಪ್ ಸೆಟ್ಟಿಂಗ್ಸ್‌ಗೆ ಹೋಗಿ ರೀಸ್ಟಾರ್ಟ್ ಮಾಡಿ 4 ಒತ್ತಿ, ಸೇಫ್ ಮೋಡ್ ತೆರೆಯುತ್ತದೆ. ಅಲ್ಲಿ ಹೊಸದಾಗಿ ಹಾಕಿದ ಡ್ರೈವರ್ ಅಥವಾ ಆಂಟಿವೈರಸ್ ತೆಗೆದು ನೋಡಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರ್ ಕಂಪನಿಯ ತಪ್ಪು ಅಪ್‌ಡೇಟ್‌ನಿಂದ ಮೈಕ್ರೋಸಾಫ್ಟ್ ಅಂದಾಜಿನಂತೆ ಜಗತ್ತಿನಾದ್ಯಂತ 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆಗೆ ಬಿದ್ದಾಗ ಕೈಯಿಂದ ಮಾಡಿದ ಮದ್ದೂ ಇದೇ: ಸೇಫ್ ಮೋಡಿಗೆ ಹೋಗಿ ಆ ಕೆಟ್ಟ ಫೈಲನ್ನು ಅಳಿಸುವುದು.

ಟ್ರಬಲ್‌ಶೂಟ್ ಒಳಗಿನ ರೀಸೆಟ್‌ನಲ್ಲಿ ‘ಕೀಪ್ ಮೈ ಫೈಲ್ಸ್’ ಎಂದಿದೆಯಲ್ಲ ಎಂದು ಧೈರ್ಯ ಮಾಡಬೇಡಿ. ಕನ್ನಡ ಟೈಪಿಂಗಿನ ನುಡಿ, ಲೆಕ್ಕಪತ್ರದ ಟ್ಯಾಲಿಯಂಥ ಸಾಫ್ಟ್‌ವೇರ್‌ಗಳೆಲ್ಲ ಅಳಿದುಹೋಗುತ್ತವೆ.

ಮೊದಲು ಫೈಲು ಹೊರಗೆ

ವಿಂಡೋಸ್ ಏಳದಿದ್ದರೂ ಫೈಲುಗಳನ್ನು ಹೊರತೆಗೆಯಬಹುದು. ಬೇರೆಯವರ ಕಂಪ್ಯೂಟರಿನಲ್ಲಿ, ವಿಂಡೋಸ್ ಬದಲು ಪೆನ್‌ಡ್ರೈವ್‌ನಿಂದಲೇ ಓಡುವ ಲಿನಕ್ಸ್ ಮಿಂಟ್‌ನ ಐಎಸ್‌ಒ ಫೈಲ್ (ಅದರ ಪೂರ್ತಿ ಪ್ರತಿ) ಇಳಿಸಿ, ರೂಫಸ್ ಎಂಬ ಪುಕ್ಕಟೆ ಸಾಫ್ಟ್‌ವೇರ್‌ನಿಂದ 8 ಜಿಬಿ ಪೆನ್‌ಡ್ರೈವ್‌ಗೆ ಬರೆಯಿರಿ. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಯುತ್ತದೆ. ಅದನ್ನು ಕೆಟ್ಟ ಕಂಪ್ಯೂಟರಿಗೆ ಹಾಕಿ, ಚಾಲೂ ಮಾಡುತ್ತಲೇ ಬೂಟ್ ಮೆನುವಿನ ಕೀಯನ್ನು ಬಿಟ್ಟುಬಿಟ್ಟು ಒತ್ತಿ: ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಪೆನ್‌ಡ್ರೈವ್ ಆರಿಸಿದರೆ ಮಿಂಟ್ ತೆರೆಯುತ್ತದೆ. ಪರದೆಯ ಮೇಲಿನ ‘ಇನ್‌ಸ್ಟಾಲ್’ ಮುಟ್ಟಬೇಡಿ. ಫೈಲ್ ಮ್ಯಾನೇಜರಿನಲ್ಲಿ ವಿಂಡೋಸ್ ಡಿಸ್ಕ್ ತೆರೆದು, ‘ಯೂಸರ್ಸ್’ ಫೋಲ್ಡರಿನಲ್ಲಿ ನಿಮ್ಮ ಹೆಸರಿನದನ್ನು ಪೂರ್ತಿ ಇನ್ನೊಂದು ಹಾರ್ಡ್ ಡಿಸ್ಕಿಗೆ ನಕಲು ಮಾಡಿ.

ಅದರಾಚೆಗೆ ಎರಡು ಮರೆಯುವಂಥವು. ತಿಕೋಟಾದ ಒಣದ್ರಾಕ್ಷಿ ವ್ಯಾಪಾರಿಯಾಗಲಿ, ಬಾಗಲಕೋಟೆಯ ಅಡತಿ ಅಂಗಡಿಯವರಾಗಲಿ, ಟ್ಯಾಲಿ ಫೋಲ್ಡರಿನೊಳಗಿನ ‘ಡೇಟಾ’ ಹುಡುಕಿ ತೆಗೆದುಕೊಳ್ಳಬೇಕು; ಅದು ಡೆಸ್ಕ್‌ಟಾಪಿನಲ್ಲಿ ಇರುವುದಿಲ್ಲ. ಇನ್ನೊಂದು, ವಿಂಡೋಸ್ ಫೋಲ್ಡರಿನೊಳಗಿನ ‘ಫಾಂಟ್ಸ್’. ಯುನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ತಿಳಿಯುವ ಅಕ್ಷರ ಸಂಕೇತ) ಅಲ್ಲದ ನುಡಿ ಅಕ್ಷರದಲ್ಲಿ ಟೈಪ್ ಮಾಡಿದ ಹಳೆಯ ಅರ್ಜಿ, ಲಗ್ನಪತ್ರಿಕೆಗಳು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ತೆರೆಯುತ್ತವೆ. ಫೈಲು ಕೆಟ್ಟಿತೆಂದು ಅಳಿಸಿದವರೂ ಇದ್ದಾರೆ. ಫೈಲು ಸರಿಯಾಗಿಯೇ ಇತ್ತು.

ಫೈಲು ಹೊರಗೆ ಬಂದ ಮೇಲೆ ಫಾರ್ಮ್ಯಾಟ್‌ಗೆ ಅಡ್ಡಿಯಿಲ್ಲ. ಹೊಸದಾಗಿ ಹಾಕಿಸುವಾಗ ವಿಂಡೋಸ್ 10 ಬೇಡ, ಅದರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ತಗಡು ಮುಚ್ಚುವ ಮೊದಲು

ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತೇ? ಹಾಗಿದ್ದರೆ ಅರ್ಥಿಂಗ್ ಕೂಡುತ್ತಿಲ್ಲ. ಎಸ್‌ಎಂಪಿಎಸ್‌ನ ಫಿಲ್ಟರ್ ಸೋರಿಸುವ ಅತ್ಯಲ್ಪ ಕರೆಂಟ್ ಭೂಮಿಗೆ ಇಳಿಯದೆ ತಗಡಿನ ಮೇಲೆ ಸುಮಾರು 115 ವೋಲ್ಟಾಗಿ ನಿಲ್ಲುತ್ತದೆ. ಮಾನಿಟರ್, ಪ್ರಿಂಟರ್ ಕೇಬಲ್ ಹಾಕುವಾಗ ಆ ಕಿಡಿಗೆ ಪೋರ್ಟುಗಳು ಸುಟ್ಟುಹೋಗುತ್ತವೆ. ಮೊದಲು ಪ್ಲಗ್ಗಿನ ಮೂರನೆಯ ದಪ್ಪ ಪಿನ್ ಇದೆಯೇ ನೋಡಿ, ಎರಡು ಪಿನ್ನಿನ ಅಡಾಪ್ಟರ್ ಹಾಕಿದ್ದರೆ ಎಸೆಯಿರಿ. ಅದೂ ಸರಿ ಇದ್ದರೆ ಹಿತ್ತಲಿನ ಅರ್ಥಿಂಗ್ ಗುಂಡಿಗೆ ಹೋಗಿ. ಎರೆಮಣ್ಣು ಬೇಸಿಗೆಯಲ್ಲಿ ಕುಗ್ಗಿ, ಕೈ ಹೋಗುವಷ್ಟು ಬಿರುಕು ಬಿಟ್ಟು, ಅರ್ಥಿಂಗ್ ಪೈಪಿನ ಸಂಗ ಬಿಡುತ್ತದೆ. ಮಾರ್ಚಿನಿಂದ ಮಳೆ ಬೀಳುವವರೆಗೆ ವಾರಕ್ಕೆರಡು ಕೊಡ ನೀರು ಆ ಗುಂಡಿಗೆ ಹಾಕಿ. ಆಮೇಲೂ ಜುಮ್ಮೆಂದರೆ ವೈರಿಂಗ್‌ನವರನ್ನು ಕರೆಸಿ, ಅಲ್ಲಿಯವರೆಗೆ ಪ್ಲಗ್ ಹಾಕಬೇಡಿ.