ಪತ್ರೊಡೆ 'ಪತ್‌ರೊಡೆ' ಆದಾಗ

ಅಮ್ಮನ ಅಡುಗೆ ಬರಹಗಳನ್ನು ಪುಸ್ತಕ ಮಾಡೋಣ ಅಂತ ಉಡುಪಿಯ ಒಂದು ಪ್ರೆಸ್ಸಿಗೆ ಯುನಿಕೋಡ್ ಫೈಲ್ ಕೊಟ್ಟಿದ್ದೆ. ಪ್ರೂಫ್ ಬಂತು. ಪತ್ರೊಡೆ 'ಪತ್‌ರೊಡೆ' ಆಗಿತ್ತು! ಒತ್ತಕ್ಷರಗಳೆಲ್ಲ ಬಿಡಿಬಿಡಿ. ಅಮ್ಮ ನೋಡಿದ್ದರೆ ಮುಗೀತಿತ್ತು.

ಫಾಂಟ್ ಬದಲಿಸಿ ನೋಡಿದೆವು, ಸುಮ್ನೆ ಎರಡು ದಿನ ಹಾಳು. ಕೊನೆಗೆ ಕಂಡದ್ದು ಪುಟ ವಿನ್ಯಾಸದ ಸಾಫ್ಟ್‌ವೇರ್ ಇನ್‌ಡಿಸೈನ್‌ನ ಒಂದು ಸೆಟ್ಟಿಂಗ್. ಪ್ಯಾರಾಗ್ರಾಫ್ ಮೆನುವಿನಲ್ಲಿ 'ವರ್ಲ್ಡ್ ರೆಡಿ ಪ್ಯಾರಾಗ್ರಾಫ್ ಕಂಪೋಸರ್' ಆರಿಸಿದ ತಕ್ಷಣ ಅಕ್ಷರಗಳು ಕೂಡಿಕೊಂಡವು. ಆಮೇಲೆ ಫಾಂಟ್ ಒಳಗೇ ಸೇರಿಸಿದ ಪಿಡಿಎಫ್ ಮಾಡಿಸಿದೆ.

ನನಗೆ ಬೇಕಿದ್ದದ್ದು 100 ಪ್ರತಿ, ಹಾಗಾಗಿ ಡಿಜಿಟಲ್ ಪ್ರಿಂಟ್. ಸಾವಿರ ಪ್ರತಿಯಾದರೆ ಪ್ಲೇಟ್ ಮಾಡಿ ಅಚ್ಚು ಹಾಕುವ ಆಫ್‌ಸೆಟ್ಟೇ ಅಗ್ಗ. ಆದರೆ ಅಲ್ಲಿ ಪುಟಗಳು ಸಾಮಾನ್ಯವಾಗಿ 16ರ ಲೆಕ್ಕದಲ್ಲಿ. ನನ್ನ 132 ಪುಟವನ್ನು 128ಕ್ಕೆ ಇಳಿಸಬೇಕಾಗುತ್ತಿತ್ತು. ಯಾವ ಅಡುಗೆ ಬಿಡೋದು ಹೇಳಿ? ಐಎಸ್‌ಬಿಎನ್‌ಗೆ (ಪುಸ್ತಕದ ಗುರುತಿನ ಸಂಖ್ಯೆ) ನಾನೇ ಅರ್ಜಿ ಹಾಕಿದೆ, ಸರ್ಕಾರಿ ಏಜೆನ್ಸಿ ಅದನ್ನು ಪುಕ್ಕಟೆ ಕೊಡುತ್ತದೆ.